ಹೌಸಾಬಾಯಿಯ ಚಮಚದ ಗಂಟೆ

ಖಟಕ್ ಖಟಕ್ ಸದ್ದು ಮಹಾರಾಷ್ಟ್ರದ ಇಚಲಕರಂಜಿಯ ಆ ಗಲ್ಲಿಯಲ್ಲಿ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಎರಡೂ ಬದಿಯ ಶೆಡ್ಡುಗಳಲ್ಲಿ ಕರೆಂಟ್ ಮಗ್ಗಗಳು ಓಡುತ್ತವೆ. ಹೌಸಾಬಾಯಿಯ ಅಡುಗೆಮನೆಯ ಗೋಡೆಗೆ ಕೈಯಿಟ್ಟರೆ ಗೋಡೆಯೂ ಸಣ್ಣಗೆ ನಡುಗುತ್ತಿರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಆ ಸದ್ದಿನಿಂದ ತಲೆನೋವು ಬರುತ್ತಿತ್ತು. ಈಗ ಸದ್ದು ನಿಂತರೆ ನಿದ್ದೆಯಿಂದ ಎಚ್ಚರವಾಗುತ್ತದೆ.

ಅಲ್ಲಿಯವರು ಕೂಗಿ ಮಾತಾಡುವುದಿಲ್ಲ; ಕೂಗಿದರೂ ಕೇಳಿಸದು. ತುಟಿಗಳನ್ನು ನಿಧಾನವಾಗಿ ಅಲ್ಲಾಡಿಸಿ, ಜೊತೆಗೆ ಕೈ ತಿರುಗಿಸಿ ಹೇಳಬೇಕಾದ್ದನ್ನು ಹೇಳುತ್ತಾರೆ. ಮಕ್ಕಳು ನಡೆಯಲು ಕಲಿಯುವಾಗಲೇ ಇದನ್ನೂ ಕಲಿಯುತ್ತವೆ.

ಹೌಸಾಬಾಯಿ ಮನೆಯಲ್ಲೇ ಕೂತು ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುತ್ತಾಳೆ. ಓದಿದ್ದು ಒಂಬತ್ತನೆಯ ತರಗತಿವರೆಗೆ. ಅವಳ ಶಾಲೆಯಲ್ಲಿ ವಿಜ್ಞಾನದ ಸಾಮಾನು ತುಂಬಿದ ಗಾಜಿನ ಕಪಾಟೊಂದಿತ್ತು. ಅದರ ಕೀಲಿ ಹೆಡ್‌ಮಾಸ್ತರರ ಜೇಬಿನಲ್ಲಿತ್ತು. ಅವಳು ಶಾಲೆ ಬಿಡುವವರೆಗೂ ಅದು ಅಲ್ಲಿಂದ ಹೊರಬರಲಿಲ್ಲ. ಈಗ ಸಂಜೆಯಾದರೆ ಗಲ್ಲಿಯ ಏಳೆಂಟು ಮಕ್ಕಳು ಅವಳ ಅಡುಗೆಮನೆಗೆ ನುಗ್ಗುತ್ತವೆ. ಅರಿಸಿನ ಬಳಿದ ಕಾಗದಕ್ಕೆ ಸೋಪಿನ ನೀರು ಬಿಟ್ಟು ಕೆಂಪಾಗುವುದನ್ನು ನೋಡುತ್ತವೆ, ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುತ್ತವೆ. ಅವಳದು ಒಂದೇ ಕಟ್ಟಳೆ. "ಮೊದಲ ಹೇಳ್ರಿ, ಏನಾಗತೈತಿ ಅಂತ. ಆಮ್ಯಾಲೆ ಮಾಡ್ರಿ."

ಆ ಮಕ್ಕಳಲ್ಲಿ ಏಳು ವರ್ಷದ ಓವಿಯೂ ಒಬ್ಬಳು, ಪಕ್ಕದ ಮನೆಯ ಪ್ರಾಜಕ್ತಾಳ ಮಗಳು. ಅವಳನ್ನು ಎರಡನೆಯ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸುತ್ತೇವೆಂದು ಶಾಲೆಯಿಂದ ಹೇಳಿ ಕಳಿಸಿದ್ದರು. ಟೀಚರ್ ಬರೆಸಿದ ಶಬ್ದಗಳಲ್ಲಿ ಒಂದೂ ಸರಿಯಿರುತ್ತಿರಲಿಲ್ಲ. ಶಾಲೆ ಬಿಡಿಸಿ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬಿಡೋಣ ಎಂದು ಅಪ್ಪ ಹಟ ಹಿಡಿದಿದ್ದ. ಬರುವ ತಿಂಗಳೇ ಹೊರಡುವುದಿತ್ತು.

ಶುಕ್ರವಾರ ಕರೆಂಟ್ ತೆಗೆಯುವ ದಿನ. ಮಗ್ಗಗಳು ಸುಮ್ಮನಿರುತ್ತವೆ, ದಾರದ ಫೋನಿನ ಆಟ ಅವತ್ತಷ್ಟೇ ಸಾಧ್ಯ. ಹೌಸಾಬಾಯಿ ಎರಡು ಕಾಗದದ ಕಪ್ಪುಗಳ ತಳಕ್ಕೆ ತೂತು ಮಾಡಿ, ನಾಲ್ಕೆಳೆ ನೂಲು ಹೊಸೆದು ಕಟ್ಟಿದಳು. ಕೇಳುವವರು ಬೆನ್ನು ತಿರುಗಿಸಿ ನಿಲ್ಲಬೇಕು. ಎಲ್ಲರಿಗಿಂತ ದೊಡ್ಡವಳಾದ ಸಾನಿಕಾ ಬಾಗಿಲಾಚೆ ನಿಂತು ಒಬ್ಬೊಬ್ಬರನ್ನೇ ಪಿಸುಮಾತಿನಲ್ಲಿ ಕೇಳಿದಳು, ಇವತ್ತು ಮನೆಯಲ್ಲಿ ಏನು ಪಲ್ಯ ಎಂದು.

"ಬದನಿಕಾಯಿ."

"ಮಟಕಿ ಉಸಳ, ಮತ್ತ ನಿನಗ ಕೊಡಂಗಿಲ್ಲ."

ಓವಿಯ ಸರದಿ ಬಂತು. ಅವಳು ಕಪ್ಪನ್ನು ಕಿವಿಗೆ ಒತ್ತಿಕೊಂಡು ನಕ್ಕಳು. ಸಾನಿಕಾ ಮತ್ತೆ ಕೇಳಿದಳು. ಓವಿ ಕಪ್ಪನ್ನು ಕಿವಿಯಿಂದ ತೆಗೆದು, ಮಾತು ಒಳಗೆಲ್ಲೋ ಬಿದ್ದಿರಬಹುದೆಂಬಂತೆ ಅದರೊಳಗೆ ಇಣುಕಿದಳು. ಮಕ್ಕಳು ಬಿದ್ದು ಬಿದ್ದು ನಕ್ಕವು.

"ಮಾವಶಿ, ಇಕೀಗೆ ಫೋನ್ ಹಿಡ್ಯಾಕೂ ಬರಂಗಿಲ್ಲ," ಎಂದಳು ಸಾನಿಕಾ. "ಅದಕ್ಕ ಮತ್ತ ಎರಡನೇತ್ತಾಗ ಕೂಡಸ್ತಾರ."

"ನೀ ಭಾಳ ಶ್ಯಾಣ್ಯಾಕಿ, ಕೊಡಿಲ್ಲೆ," ಎಂದು ಹೌಸಾಬಾಯಿ ಅವಳ ಕೈಯಿಂದ ಕಪ್ಪು ತೆಗೆದುಕೊಂಡಳು.

ದಾರ ಸಡಿಲಾಗಿರಬೇಕು ಎಂದುಕೊಂಡು, ಓವಿಯನ್ನು ಮತ್ತೆ ಬೆನ್ನು ತಿರುಗಿಸಿ ನಿಲ್ಲಿಸಿ ಕಪ್ಪನ್ನು ಅವಳ ಕಿವಿಗಿಡಿಸಿ, ದಾರವನ್ನು ಬಿಗಿಯಾಗಿ ಎಳೆದು ಹಿಡಿದಳು. ಕಪ್ಪಿನೊಳಗೆ ಮೆಲ್ಲಗೆ ಹೇಳಿದಳು. "ಓವಿ, ಡಬ್ಬಿಯಾಗ ಚಿಕ್ಕಿ ಐತಿ, ತಗೊ."

ಕಪ್ಪಿಲ್ಲದ ಮಕ್ಕಳೂ ಡಬ್ಬಿಯತ್ತ ತಿರುಗಿದವು. ಓವಿ ತಿರುಗಲಿಲ್ಲ.

ಹೌಸಾಬಾಯಿ ಕಪ್ಪನ್ನು ಕೆಳಗಿಟ್ಟು ಓವಿಯನ್ನೇ ನೋಡಿದಳು. ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಇಡೀ ಗಲ್ಲಿಯಲ್ಲಿ ಓವಿಯನ್ನು ಮೀರಿಸುವವರಿರಲಿಲ್ಲ. "ಕಣ್ಣಾಗ ಕಿವಿ ಇಟಗೊಂಡು ಹುಟ್ಟ್ಯಾಳ" ಎಂದು ತಾನೇ ಎಷ್ಟು ಸಲ ಅವಳ ಗಲ್ಲ ಹಿಂಡಿರಲಿಲ್ಲ? ಮಗ್ಗದ ಸದ್ದಿನಲ್ಲಿ ಯಾರಿಗೂ ಯಾರದೂ ಕೇಳಿಸುವುದಿಲ್ಲ. ಅದರ ನಡುವೆ ಒಂದು ಮಗುವಿಗೆ ನಿಜಕ್ಕೂ ಕೇಳಿಸದಿದ್ದರೆ ಗೊತ್ತಾಗುವುದಾದರೂ ಹೇಗೆ? ಟೀಚರ್ ಬೋರ್ಡಿನತ್ತ ಮುಖ ಮಾಡಿ ಶಬ್ದ ಹೇಳಿದರೆ ಈ ಹುಡುಗಿ ಯಾರ ತುಟಿ ನೋಡಬೇಕು?

ಅವಳು ಉಳಿದ ಮಕ್ಕಳಿಗೆ ಚಿಕ್ಕಿ ಹಂಚಿ ಕಳಿಸಿದಳು. ಓವಿಯನ್ನು ಮಾತ್ರ ಉಳಿಸಿಕೊಂಡು, ಉದ್ದ ದಾರದ ನಡುವೆ ಸ್ಟೀಲಿನ ಚಮಚ ಕಟ್ಟಿದಳು. ದಾರದ ಎರಡು ತುದಿಗಳನ್ನು ಓವಿಯ ತೋರುಬೆರಳುಗಳಿಗೆ ಸುತ್ತಿ, ಆ ಬೆರಳುಗಳನ್ನು ಅವಳ ಕಿವಿಗಳಿಗಿಟ್ಟಳು. ಜೋತಾಡುತ್ತಿದ್ದ ಚಮಚಕ್ಕೆ ಇನ್ನೊಂದು ಚಮಚದಿಂದ ಹೊಡೆದಳು.

ಓವಿಯ ಕಣ್ಣುಗಳು ಅರಳಿದವು. ಬೆರಳು ತೆಗೆಯದೆಯೇ, "ಮತ್ತ" ಎಂದಳು.

ಅಷ್ಟರಲ್ಲಿ ಮಗಳನ್ನು ಕರೆಯಲು ಪ್ರಾಜಕ್ತಾ ಬಂದಳು. ಓವಿಗೆ ಸರಿಯಾಗಿ ಕೇಳಿಸುತ್ತಿಲ್ಲವೆಂದು ಹೌಸಾಬಾಯಿ ಸುತ್ತಿ ಬಳಸದೆ ಹೇಳಿದಳು. ಪ್ರಾಜಕ್ತಾಳ ಮುಖ ಬಿಗಿಯಿತು.

"ಹಂಗ ಅನಬ್ಯಾಡ್ರಿ ಮಾವಶಿ. ದಡ್ಡಿ ಅಂದ್ರ ನಡದೀತು, ನಾಳೆ ಶ್ಯಾಣ್ಯಾಕಿ ಆಗ್ತಾಳ. ಕಿವುಡಿ ಅಂದ್ರ ಮುಗೀತು."

"ನಾ ಏನೂ ಅನ್ನಂಗಿಲ್ಲವಾ. ನೀನ ಹಿಂದ ನಿಂತು ಮೆಲ್ಲಕ ಕರಿ. ಮೊದಲ ಹೇಳು, ಏನಾಗತೈತಿ?"

"ತಿರಗತಾಳ. ನಾ ಕರದ್ರ ತಿರಗದಂಗ ಇರ್ತಾಳೇನ?"

ಓವಿ ನೆಲಕ್ಕೆ ಚೆಲ್ಲಿದ ನೀರಿನಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದಳು. ಪ್ರಾಜಕ್ತಾ ಅವಳ ಬೆನ್ನ ಹಿಂದೆ ನಿಂತು ಕರೆದಳು. ಇನ್ನೊಮ್ಮೆ ಕರೆದಳು. ಮೂರನೆಯ ಸಲ ಕರೆಯುವಾಗ ಅವಳ ದನಿ ಒಡೆಯಿತು. ಗೆರೆ ಮಾತ್ರ ನಿಲ್ಲದೆ ಮುಂದೆ ಹೋಗುತ್ತಿತ್ತು. ಪ್ರಾಜಕ್ತಾ ಕೂತುಬಿಟ್ಟಳು.

ಹೌಸಾಬಾಯಿ ಓವಿಯ ಭುಜ ತಟ್ಟಿ ಎಬ್ಬಿಸಿದಳು. ಅವಳ ಬೆರಳುಗಳಿಗೆ ಮತ್ತೆ ದಾರ ಸುತ್ತಿ ಕಿವಿಗಿಟ್ಟು, ಹೊಡೆಯುವ ಚಮಚವನ್ನು ತಾಯಿಯ ಕೈಗೆ ಕೊಟ್ಟಳು. "ಈಗ ನೀ ಬಾರಿಸು."

ಪ್ರಾಜಕ್ತಾ ಬಾರಿಸಿದಳು.

"ಆಯಿ," ಎಂದಳು ಓವಿ, "ಗುಡಿ ಗಂಟಿ."

"ನೋಡು," ಎಂದಳು ಹೌಸಾಬಾಯಿ. "ದಾರ ಹಿಡದು, ಬೆರಳ ಹಿಡದು, ಎಲುಬಿನಿಂದ ಒಳಗ ಹೊಂಟೈತಿ ಸಪ್ಪಳ. ಒಳಗ ಚಲೋ ಐತಿ ಅಂತ ನನಗ ಅನಸ್ತೈತಿ. ಹೊರಗಿನ ದಾರಿ ಎಲ್ಲೋ ಕಟ್ಟಿರಬೇಕು. ಆದ್ರ ನಾ ಡಾಕ್ಟರ್ ಅಲ್ಲ. ನಾಳೆ ಹೋಗೂಣು."

ಶನಿವಾರ ಕಿವಿಯ ಡಾಕ್ಟರ್ ಎರಡೂ ಕಿವಿಗಳನ್ನು ನೋಡಿದರು. ಕಿವಿಯ ತಮಟೆಯ ಹಿಂದೆ ಬಹಳ ದಿನದಿಂದ ನೀರು ತುಂಬಿಕೊಂಡಿದೆ, ಔಷಧಿಗೆ ಇಳಿಯದಿದ್ದರೆ ಸಣ್ಣ ಆಪರೇಷನ್ ಮಾಡಿ ತೆಗೆಯಬಹುದು, ಆಮೇಲೆ ಕೇಳಿಸುತ್ತದೆ ಎಂದರು. ಆ ಸಂಜೆ ಓವಿಯ ಅಪ್ಪ ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನು ಎರಡೆರಡು ಸಲ ಓದಿದ. ಹಳ್ಳಿಯ ಮಾತೆತ್ತಲಿಲ್ಲ. ಆದರೆ ಶಾಲೆಯವರ ಮಾತು ಹಾಗೇ ಇತ್ತು.

ಸೋಮವಾರ ಬೆಳಿಗ್ಗೆ ಹೌಸಾಬಾಯಿ ನೂಲು ಸುತ್ತುವ ಕೆಲಸ ಬಿಟ್ಟು, ಒಗೆದಿಟ್ಟ ಸೀರೆ ಉಟ್ಟಳು. ಡಾಕ್ಟರರ ಚೀಟಿ ಕೈಯಲ್ಲಿತ್ತು. ಪ್ರಾಜಕ್ತಾ ಹೊಸ್ತಿಲಲ್ಲಿ ಓವಿಯ ಜಡೆ ಹೆಣೆಯುತ್ತಿದ್ದಳು.

"ಟೀಚರ್ ಸಿಟ್ಟಾದ್ರ ಮಾವಶಿ?"

"ಆಗ್ಲಿ. ನಾನೂ ವರ್ಷಗಟ್ಟಲೆ ತಪ್ಪು ತಿಳದೀನಿ, ಅವ್ರೂ ತಿಳದಾರ. ಮುಂದಿನ ಸಾಲಿನ್ಯಾಗ ಕೂಡಸ್ರಿ ಅಂತೀನಿ. ಬೋರ್ಡಿಗೆ ಮಾರಿ ಮಾಡಿ ಶಬ್ದ ಹೇಳಬ್ಯಾಡ್ರಿ, ಈ ಕಡೆ ತಿರುಗಿ ಹೇಳ್ರಿ, ಅಕಿ ಬರೀತಾಳೋ ಇಲ್ಲೋ ನನ್ನ ಮುಂದ ಒಂದ ಸಲ ನೋಡ್ರಿ, ಆಮ್ಯಾಲೆ ಬೇಕಾದ್ರ ಎರಡನೇತ್ತಾಗ..." ಎನ್ನುತ್ತಲೇ ಚಪ್ಪಲಿ ಮೆಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಓವಿಯ ಕೈ ಹಿಡಿದು ಅವಳು ಗಲ್ಲಿಯ ತಿರುವು ದಾಟಿದಳು.