ಎಚ್ಚರಿಕೆ ಮಾಯವಾದ ದಿನ

ಕಳೆದ ವರ್ಷ ಸಂಕ್ರಾಂತಿ ಮುಗಿದ ಮಾರನೆಯ ವಾರ. ಮನೆಯಲ್ಲಿ ಎಳ್ಳುಬೆಲ್ಲ ಇನ್ನೂ ಮಿಕ್ಕಿತ್ತು. ಒಂದಿಷ್ಟನ್ನು ಡಬ್ಬಿಗೆ ತುಂಬಿಕೊಂಡು ಆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟೆ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ಕೆಳಗೆ ಯಂತ್ರಗಳು, ಮೇಲೆ ಅಕ್ಷರ ಜೋಡಿಸುವ, ತಿದ್ದುವ ನಾವು ಐದು ಜನ, ಐದು ಕಂಪ್ಯೂಟರ್.

ಕಂಪ್ಯೂಟರ್ ಎಂದರೆ ನನಗೆ ಹೆದರಿಕೆಯಿಲ್ಲ. ಯಾವ ಕೋರ್ಸನ್ನೂ ಮಾಡಿದವಳಲ್ಲ. ಬಿಚ್ಚಿ, ಕೆದಕಿ, ಕೆಡಿಸಿ, ಮತ್ತೆ ಸರಿ ಮಾಡಿ ಕಲಿತವಳು. ಪ್ರಿಂಟರ್ ನಿಂತರೂ ಫಾಂಟ್ ಕೈಕೊಟ್ಟರೂ ‘ಸುಮಾ ಮೇಡಂನ ಕರೀರಿ’ ಎನ್ನುವುದು ನಮ್ಮ ಆಫೀಸಿನ ರೂಢಿ. ಕರೆದಾಗ ಹೋಗುತ್ತಿದ್ದೆ, ಸರಿಯೂ ಮಾಡುತ್ತಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆದರೆ ಒಂದು ಕಾಟವನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಆ ಸೋಮವಾರಕ್ಕೆ ಏಳೆಂಟು ತಿಂಗಳ ಹಿಂದೆ, ಐದೂ ಕಂಪ್ಯೂಟರಿಗೆ ಸೇರಿ ಒಂದೇ ಆಗಿದ್ದ ನಮ್ಮ ಮೇಲ್ ವ್ಯವಸ್ಥೆ ಬೇರೆ ಕಂಪನಿಗೆ ಬದಲಾಗಿತ್ತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಮೇಲ್ ತೆರೆದ ಕೂಡಲೇ ಪರದೆಯ ನಡುವೆ ಒಂದು ಪೆಟ್ಟಿಗೆ ಬಂದು ಕೂರುತ್ತಿತ್ತು: ‘ಈ ಸರ್ವರಿನ ಹೆಸರಿಗೂ ಅದರ ಸರ್ಟಿಫಿಕೇಟಿನಲ್ಲಿರುವ ಹೆಸರಿಗೂ ಹೊಂದಿಕೆಯಿಲ್ಲ. ಮುಂದುವರಿಯಬೇಕೆ?’ ಸರ್ಟಿಫಿಕೇಟ್ ಎಂದರೆ ಸರ್ವರಿನ ಗುರುತಿನ ಚೀಟಿ ಇದ್ದ ಹಾಗೆ. ಬಾಗಿಲಿನ ಬೋರ್ಡಿನಲ್ಲಿ ಒಂದು ಹೆಸರು, ಚೀಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಪ್ರೋಗ್ರಾಂ ಹೀಗೆ ಎಚ್ಚರಿಸುತ್ತದೆ. ಅಷ್ಟು ನನಗೆ ಗೊತ್ತಿತ್ತು. ಆ ಕಂಪನಿಗೆ ಒಮ್ಮೆ ಫೋನ್ ಮಾಡಿ, ಇಪ್ಪತ್ತು ನಿಮಿಷ ಸಂಗೀತ ಕೇಳಿ, ಬೇಸತ್ತು ಇಟ್ಟುಬಿಟ್ಟಿದ್ದೆ. ಎಲ್ಲರಿಗೂ ‘ಹೌದು ಅಂತ ಒತ್ತಿ, ಏನೂ ಆಗಲ್ಲ’ ಎಂದು ಹೇಳಿಕೊಟ್ಟವಳು ನಾನೇ. ಒತ್ತುತ್ತಿದ್ದರು, ಮೇಲ್ ಬರುತ್ತಿತ್ತು, ಏನೂ ಆಗುತ್ತಿರಲಿಲ್ಲ.

ಆ ಸೋಮವಾರ ನಾನು ಮೇಲ್ ತೆರೆದಾಗ ಆ ಕಂಪನಿಯ ಹೆಸರಿನಲ್ಲೇ ಒಂದು ಸಂದೇಶ ಬಂದಿತ್ತು. ‘ನಿಮಗೆ ದಿನವೂ ಭದ್ರತಾ ಎಚ್ಚರಿಕೆ ಕಾಣುತ್ತಿದೆಯೇ? ಇಂದೇ ನಿವಾರಿಸಿಕೊಳ್ಳಿ’ ಎಂದು ಶುರುವಾಗಿ, ಏನು ಮಾಡಬೇಕೆಂದು ಚಿತ್ರಸಹಿತ ವಿವರಿಸಿತ್ತು. ಸೆಟ್ಟಿಂಗಿನಲ್ಲಿರುವ ಸರ್ವರ್ ಹೆಸರನ್ನು ಅಳಿಸಿ, ಕೆಳಗಿನ ಹೆಸರನ್ನು ಕಾಪಿ ಮಾಡಿ ಹಾಕಿ, ಪಾಸ್‌ವರ್ಡ್ ಮತ್ತೊಮ್ಮೆ ಕೊಡಬೇಕಿತ್ತು. ಕೆಳಗಿದ್ದ ಹೆಸರನ್ನು ನೋಡಿದೆ. ನಮ್ಮ ಮುದ್ರಣಾಲಯದ ಹೆಸರಿನಲ್ಲಿ ಮೊದಲಿಂದ ಇದ್ದ ಸರ್ವರ್ ಹೆಸರೇ. ಅದನ್ನೇ ಅಳಿಸಿ ಅದನ್ನೇ ಯಾಕೆ ಹಾಕಬೇಕು ಎಂದು ಒಂದು ಕ್ಷಣ ಅನಿಸಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರೆ ಎಷ್ಟೋ ರೋಗ ವಾಸಿಯಾಗುವುದಿಲ್ಲವೇ, ಇದೂ ಹಾಗೇ ಇರಬೇಕು ಅಂದುಕೊಂಡೆ. ಹೇಳಿದಂತೆ ಮಾಡಿ, ಪಾಸ್‌ವರ್ಡ್ ಕೊಟ್ಟು, ಪ್ರೋಗ್ರಾಮನ್ನು ಮುಚ್ಚಿ ತೆರೆದೆ. ಪೆಟ್ಟಿಗೆ ಬರಲೇ ಇಲ್ಲ. ಮೇಲ್‌ಗಳು ಎಂದಿನಂತೆ ಬಂದವು.

ಆಗ ಹತ್ತೂವರೆ. ನನಗಾದ ಖುಷಿ ಅಷ್ಟಿಷ್ಟಲ್ಲ. ಆ ಸಂದೇಶವನ್ನು ಪ್ರಿಂಟ್ ತೆಗೆದುಕೊಂಡು, ಉಳಿದ ನಾಲ್ಕು ಕಂಪ್ಯೂಟರಿಗೂ ಮಾಡಿಕೊಡುವೆನೆಂದು ಹೊರಟೆ. ಮಧ್ಯೆ ಒಂದು ಲಗ್ನಪತ್ರಿಕೆಯ ತಿದ್ದುಪಡಿ ಬಂದು ಒಂದು ಗಂಟೆ ಕಳೆಯಿತು. ಆಮೇಲೆ ಮೊದಲು ಹೋಗಿದ್ದು ಮೇಷ್ಟ್ರ ಮೇಜಿಗೆ.

ಮೇಷ್ಟ್ರು ಅಂದರೆ ಸೀತಾರಾಮಯ್ಯನವರು, ನಮ್ಮ ಕರಡು ತಿದ್ದುವವರು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಬಂದವರು. ಶಂಕರಪುರಂನಿಂದ ನಡೆದೇ ಬರುತ್ತಾರೆ. ಎಂಥ ಅವಸರದ ಕೆಲಸವಿದ್ದರೂ ಒಂದೊಂದೇ ಅಕ್ಷರ ನೋಡಿ ಓದುವ ಅಭ್ಯಾಸ. ಅದಕ್ಕಾಗಿ ನಾನು ಎಷ್ಟೋ ಸಲ ಒಳಗೊಳಗೇ ಗೊಣಗಿದ್ದೇನೆ.

ಅವರ ಕಂಪ್ಯೂಟರಿನಲ್ಲಿ ಹಳೆಯ ಹೆಸರು ಅಳಿಸಿ, ಪ್ರಿಂಟ್ ನೋಡಿಕೊಂಡು ಹೊಸದನ್ನು ಟೈಪ್ ಮಾಡಿದೆ. ತೆರೆದರೆ ಅದೇ ಪೆಟ್ಟಿಗೆ, ಅದೇ ಎಚ್ಚರಿಕೆ. ಮತ್ತೊಮ್ಮೆ ಮಾಡಿದೆ. ಮತ್ತೆ ಅದೇ. ನನ್ನ ಕಂಪ್ಯೂಟರಿನಲ್ಲಿ ಕೆಲಸ ಮಾಡಿದ್ದು ಇಲ್ಲಿ ಯಾಕೆ ಮಾಡುತ್ತಿಲ್ಲ ಎಂದು ನನಗೆ ರೇಗಿತು. ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಮೇಷ್ಟ್ರು ಆ ಕಾಗದ ಕೇಳಿ ತೆಗೆದುಕೊಂಡರು. ಭೂತಗನ್ನಡಿ ಹಿಡಿದು, ಪೆನ್ಸಿಲಿನ ತುದಿಯನ್ನು ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತಾ ಓದಿದರು. ನಡುವೆ ಒಂದು ಕಡೆ ಪೆನ್ಸಿಲ್ ನಿಂತಿತು.

“ಸುಮಾ, ಇಲ್ಲಿ ಎಮ್ ಇಲ್ಲಮ್ಮ,” ಅಂದರು. “ಆರ್ ಆದ್ಮೇಲೆ ಎನ್ ಇದೆ. ಸಣ್ಣಕ್ಷರದಲ್ಲಿ ಎರಡೂ ಅಂಟ್ಕೊಂಡು ಎಮ್ ಥರ ಕಾಣ್ತಿದೆ, ಅಷ್ಟೆ. ನೀನು ಓದಿದ್ದು ನಮ್ಮ ಹೆಸರು. ಇಲ್ಲಿ ಅಚ್ಚಾಗಿರೋದು ಬೇರೆ.”

ನಾನು ಭೂತಗನ್ನಡಿ ಇಸಿದುಕೊಂಡು ನೋಡಿದೆ. ಅವರು ಹೇಳಿದ್ದು ನಿಜ. ನೋಡುತ್ತಿದ್ದಂತೆಯೇ ನನಗೆ ಎಲ್ಲವೂ ಅರ್ಥವಾಯಿತು. ಅದು ನಮ್ಮ ಹೆಸರಿನಂತೆ ಕಾಣುವ ಬೇರೆ ಯಾರದೋ ಹೆಸರು. ಆ ಹೆಸರಿಗೆ ಸರಿಯಾದ ಸರ್ಟಿಫಿಕೇಟನ್ನು ಅವರು ಮಾಡಿಸಿಟ್ಟುಕೊಂಡಿದ್ದರು. ಬೋರ್ಡಿಗೂ ಚೀಟಿಗೂ ತಾಳೆಯಾಗಿದ್ದರಿಂದಲೇ ನನ್ನ ಕಂಪ್ಯೂಟರಿನಲ್ಲಿ ಎಚ್ಚರಿಕೆ ಮಾಯವಾಗಿತ್ತು. ನಾನು ಪಾಸ್‌ವರ್ಡನ್ನು ಕಳ್ಳನ ಕೈಗೇ ಕೊಟ್ಟಿದ್ದೆ. ಅವನು ಅದರಿಂದ ನಮ್ಮ ಮೇಲ್ ತೆಗೆದು, ನನಗೆ ಅನುಮಾನ ಬಾರದಂತೆ ನನ್ನ ಪರದೆಗೆ ದಾಟಿಸುತ್ತಿದ್ದ. ಮೇಷ್ಟ್ರ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಂಡಂತೆ ಎಮ್ ಒತ್ತಿದ್ದರಿಂದ ಅದು ನಮ್ಮ ಸರ್ವರಿಗೇ ಹೋಗಿ, ಹಳೆಯ ಎಚ್ಚರಿಕೆಯನ್ನೇ ತೋರಿಸಿತ್ತು.

ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಎನ್.ಆರ್. ಕಾಲೋನಿಯ ಒಂದು ಶಾಲೆಯಿಂದ ಪ್ರಶ್ನೆಪತ್ರಿಕೆಗಳು ಬರುವುದಿದ್ದವು. ಆ ಸುತ್ತಿನ ಏಳು ಶಾಲೆಗಳು ಸೇರಿ ಹತ್ತನೆಯ ತರಗತಿಗೆ ನಡೆಸುವ ಪೂರ್ವಸಿದ್ಧತಾ ಪರೀಕ್ಷೆ ಅದು. ಕನ್ನಡ ಮತ್ತು ಗಣಿತದ ಪತ್ರಿಕೆಗಳು ಶನಿವಾರವೇ ಬಂದಿದ್ದವು. ಉಳಿದ ನಾಲ್ಕು ಅವತ್ತು, ಇದೇ ಮೇಲ್‌ಗೆ.

ಮೊದಲು ನನ್ನ ಕಂಪ್ಯೂಟರಿನ ಇಂಟರ್ನೆಟ್ ಕೇಬಲ್ ಕಿತ್ತೆ. ಮೇಷ್ಟ್ರ ಕಂಪ್ಯೂಟರಿನಲ್ಲಿ ಮೇಲ್ ಕಂಪನಿಯ ಪುಟವನ್ನು ವಿಳಾಸ ಟೈಪ್ ಮಾಡಿ ತೆರೆದೆ. ಒಂದೊಂದು ಅಕ್ಷರವನ್ನೂ ಮೇಷ್ಟ್ರು ಗಟ್ಟಿಯಾಗಿ ಓದಿ ಹೇಳಿದರು. ಪಾಸ್‌ವರ್ಡ್ ಬದಲಾಯಿಸಿದೆ. ಯಾರು ಯಾವಾಗ ಒಳಗೆ ಬಂದಿದ್ದರು ಎಂಬ ಪಟ್ಟಿ ಅಲ್ಲೇ ಇತ್ತು. ಹತ್ತೂ ಮುಕ್ಕಾಲಿಗೆ ಒಂದು ಸಲ, ಹನ್ನೊಂದಕ್ಕೆ ಇನ್ನೊಂದು ಸಲ, ನಮ್ಮದಲ್ಲದ ಊರಿನಿಂದ ಯಾರೋ ನಮ್ಮ ಮೇಲ್ ತೆರೆದಿದ್ದರು.

ಕೆಳಗಿಳಿದು ಹೋಗಿ ಯಜಮಾನರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಚನ್ನೇಗೌಡರು ಕನಕಪುರದ ಕಡೆಯವರು, ಬಲು ಮುಂಗೋಪಿ. ಬೈಗುಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ. ಅವರು ಯಂತ್ರ ನಿಲ್ಲಿಸಲು ಸನ್ನೆ ಮಾಡಿ, ಪೂರ್ತಿ ಕೇಳಿದರು.

“ಆಮೇಲೆ ಬೈತೀನಿ. ಈಗೇನ್ ಮಾಡ್ಬೇಕು ಹೇಳು,” ಅಂದರು.

ಪಾಸ್‌ವರ್ಡ್ ಬದಲಾಯಿಸಿದ್ದು ಸಾಕೆಂದು ನನಗೆ ನಂಬಿಕೆ ಬರುತ್ತಿಲ್ಲ, ಒಳಗೆ ಬಂದವನು ಇನ್ನೇನು ಮಾಡಿಟ್ಟು ಹೋಗಿದ್ದಾನೋ ಗೊತ್ತಿಲ್ಲ, ಆ ಪತ್ರಿಕೆಗಳು ಮೇಲ್‌ನಲ್ಲಿ ಬರಲೇಬಾರದು ಎಂದೆ. ಶಾಲೆಯ ಮುಖ್ಯೋಪಾಧ್ಯಾಯಿನಿ ವಿಜಯಾ ಮೇಡಂಗೆ ಫೋನ್ ಮಾಡಿದರೆ ಎತ್ತಲಿಲ್ಲ. ಶಾಲೆಯ ಫೋನೂ ಸುಮ್ಮನೆ ರಿಂಗಾಯಿತು. ಗೌಡರು ಮೇಲ್ ಕಂಪನಿಯವರ ಸಂಗೀತ ಕೇಳುತ್ತಾ ಕೂರಲು ಒಪ್ಪಿದರು. ನಾನು ಆಟೋ ಹತ್ತಿದೆ.

ರಾಮಕೃಷ್ಣ ಆಶ್ರಮದ ಸರ್ಕಲ್ಲಿನಲ್ಲಿ ಹಸಿರು ಸಿಗ್ನಲ್ ಬೀಳುವವರೆಗೆ ಕಾದದ್ದು ಈಗಲೂ ನೆನಪಿದೆ. ಫೋನ್ ಮಾಡುತ್ತಲೇ ಇದ್ದೆ. ಒಂದು ಸುಲಭದ ಯೋಚನೆಯೂ ಬಂತು: ‘ಮೇಲ್ ಕೆಟ್ಟಿದೆ, ಪೆನ್‌ಡ್ರೈವ್‌ನಲ್ಲಿ ಕೊಡಿ’ ಎಂದರೆ ಸಾಕಲ್ಲ? ಅವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಶನಿವಾರ ಬಂದ ಎರಡು ಪತ್ರಿಕೆಗಳು ಆಗಲೇ ನಮ್ಮ ಮೇಲ್‌ನೊಳಗೆ ಇದ್ದವು. ಅವನ್ನು ಕಳ್ಳ ನೋಡಿರಬಹುದು. ಅದನ್ನು ಮುಚ್ಚಿಟ್ಟರೆ ಮುಂದೆ ನೂರಾರು ಮಕ್ಕಳ ಪರೀಕ್ಷೆ ಹಾಳಾಗುತ್ತದೆ. ಆಟೋ ಇಳಿಯುವಷ್ಟರಲ್ಲಿ ಆ ಯೋಚನೆ ಬಿಟ್ಟಿದ್ದೆ.

ವಿಜಯಾ ಮೇಡಂ ಹತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದರು. ಆಫೀಸಿನ ಗುಮಾಸ್ತರು ಊಟದ ಬೆಲ್ ಆಗುವವರೆಗೆ ಕೂರಲು ಹೇಳಿದರು. ಕೂರಲಾಗುವುದಿಲ್ಲವೆಂದು ನೇರವಾಗಿ ಮಹಡಿ ಹತ್ತಿ ತರಗತಿಯ ಬಾಗಿಲಲ್ಲಿ ನಿಂತೆ. ನಲವತ್ತು ಮಕ್ಕಳು ಒಟ್ಟಿಗೆ ನನ್ನ ಕಡೆ ತಿರುಗಿದರು. ಪರೀಕ್ಷೆ ಬರೆಯಬೇಕಾದವರು ಅವರೇ. ಮೇಡಂ ಚಾಕ್ ಹಿಡಿದುಕೊಂಡೇ ಹೊರಗೆ ಬಂದರು.

“ಮೇಡಂ, ಇವತ್ತು ಪೇಪರ್ ಕಳಿಸ್ಬೇಡಿ,” ಎಂದೆ. “ನಮ್ಮ ಮೇಲ್ ಬೇರೆಯವರ ಕೈಗೆ ಹೋಗಿದೆ. ತಪ್ಪು ನಂದೇ. ಶನಿವಾರ ಕಳಿಸಿದ್ದ ಎರಡನ್ನೂ ಅವರು ನೋಡಿರಬಹುದು.”

ಅವರು ತರಗತಿಯ ಬಾಗಿಲನ್ನು ಎಳೆದು ಮುಚ್ಚಿದರು. ಆಮೇಲೆ ಎಷ್ಟು ಹೊತ್ತಿಗೆ ಆಯಿತು, ನೋಡಿದ್ದಾರೆಂದು ಖಚಿತವೇ, ಬೇರೆ ಯಾರಿಗೆ ಗೊತ್ತಿದೆ ಎಂದು ಪಾಠದ ಪ್ರಶ್ನೆಗಳಂತೆ ಒಂದೊಂದೇ ಕೇಳಿದರು. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ.

“ಎರಡೂ ಪೇಪರ್ ಹೊಸದಾಗಿ ತೆಗೆಸ್ತೀನಿ,” ಅಂದರು ಮೇಡಂ. “ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಮಕ್ಕಳಿಗೆ ಮಾತ್ರ ಇದು ಗೊತ್ತಾಗೋದು ಬೇಡ.”

ನಾನು ವಾಪಸು ಬರುವಷ್ಟರಲ್ಲಿ ಗೌಡರಿಗೆ ಕಂಪನಿಯವರು ಸಿಕ್ಕಿದ್ದರು. ಅವರು ಪರೀಕ್ಷಿಸಿ ಹೇಳಿದ್ದು ಕೇಳಿ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಒಳಗೆ ಬಂದವನು, ನಮಗೆ ಬರುವ ಪ್ರತಿಯೊಂದು ಮೇಲಿನ ನಕಲು ತನ್ನ ವಿಳಾಸಕ್ಕೂ ಹೋಗುವಂತೆ ಏರ್ಪಾಡು ಮಾಡಿಟ್ಟು ಹೋಗಿದ್ದ. ಪಾಸ್‌ವರ್ಡ್ ಬದಲಾಯಿಸಿದರೂ ಅದು ನಿಲ್ಲುತ್ತಿರಲಿಲ್ಲ. ಎರಡು ಗಂಟೆಗೆ ಪತ್ರಿಕೆಗಳು ಬಂದಿದ್ದರೆ ನಾಲ್ಕೂ ಅವನಿಗೆ ತಲುಪುತ್ತಿದ್ದವು. ಆ ಏರ್ಪಾಡನ್ನು ತೆಗೆಸಿ, ಪೊಲೀಸರಿಗೆ ದೂರು ಕೊಟ್ಟೆವು. ಎಂಟು ತಿಂಗಳ ಹಳೆಯ ಎಚ್ಚರಿಕೆಗೂ ಅದೇ ಫೋನಿನಲ್ಲಿ ಪರಿಹಾರ ಸಿಕ್ಕಿತು. ಸರ್ಟಿಫಿಕೇಟಿನಲ್ಲಿದ್ದದ್ದು ಆ ಕಂಪನಿಯ ಹೆಸರು. ನಮ್ಮ ಸೆಟ್ಟಿಂಗಿನಲ್ಲೂ ಅದೇ ಹೆಸರನ್ನು ಹಾಕಬೇಕಿತ್ತು, ಅಷ್ಟೆ. ಒಂದು ಕಂಪ್ಯೂಟರಿಗೆ ಐದು ನಿಮಿಷದ ಕೆಲಸ. ಮೇಷ್ಟ್ರು ಪಕ್ಕದಲ್ಲಿ ನಿಂತು ಓದಿದರು, ನಾನು ಐದೂ ಕಂಪ್ಯೂಟರಿಗೆ ಹಾಕಿದೆ.

ಮುಂದಿನ ಭಾನುವಾರ ಮೇಷ್ಟ್ರೂ ನಾನೂ ಪೆನ್‌ಡ್ರೈವ್ ಹಿಡಿದು ಎನ್.ಆರ್. ಕಾಲೋನಿಗೆ ಹೋದೆವು. ಆ ಶಾಲೆಯ ಕಂಪ್ಯೂಟರಿನಲ್ಲೇ ಕೂತು ಕನ್ನಡ, ಗಣಿತದ ಹೊಸ ಪತ್ರಿಕೆಗಳನ್ನು ನಾನು ಜೋಡಿಸಿದೆ, ಮೇಷ್ಟ್ರು ತಿದ್ದಿದರು; ಉಳಿದ ನಾಲ್ಕನ್ನೂ ಪೆನ್‌ಡ್ರೈವ್‌ನಲ್ಲೇ ತಂದೆವು. ಇಬ್ಬರು ಶಿಕ್ಷಕರು ನನ್ನಿಂದಾಗಿ ತಮ್ಮ ರಜೆ ಕಳೆದುಕೊಂಡು ಹೊಸ ಪ್ರಶ್ನೆಗಳನ್ನು ಬರೆದಿದ್ದರು. ಅವರ ಎದುರು ಕೂತು ಟೈಪ್ ಮಾಡುವಾಗ ನಾಚಿಕೆಯಾಯಿತು. ಮಧ್ಯಾಹ್ನ ಒಬ್ಬರು ತಮ್ಮ ಡಬ್ಬಿಯಿಂದ ಚಿತ್ರಾನ್ನ ತೆಗೆದು ನನಗೂ ಬಡಿಸಿದರು. ಪರೀಕ್ಷೆ ನಿಗದಿಯಾದ ದಿನವೇ ನಡೆಯಿತು. ಕಳ್ಳನಿಗೆ ಬೇಕಾಗಿದ್ದದ್ದು ಪ್ರಶ್ನೆಪತ್ರಿಕೆಯೋ, ಸಿಕ್ಕವರ ಪಾಸ್‌ವರ್ಡೋ, ಇಂದಿಗೂ ಗೊತ್ತಾಗಿಲ್ಲ.

ಇನ್ನು ಮುಂದೆ ಕಂಪ್ಯೂಟರಿನ ಉಸ್ತುವಾರಿ ಬೇರೆಯವರಿಗೆ ಕೊಡಿ ಎಂದು ನಾನು ಗೌಡರಿಗೆ ಹೇಳಿದ್ದೆ. ಬೈತೀನಿ ಅಂದಿದ್ದವರು ಆವಾಗ ಬೈದರು, ಚೆನ್ನಾಗಿಯೇ ಬೈದರು. ಕೊನೆಗೆ, “ತಪ್ಪು ಗೊತ್ತಾದ ಕೂಡ್ಲೇ ಬಂದು ಹೇಳೋರು ನಂಗೆ ಬೇರೆ ಯಾರೂ ಸಿಗಲ್ಲ. ಹೋಗಿ ಕೆಲ್ಸ ನೋಡು,” ಅಂದರು.

ಈಗಲೂ ಐದು ಕಂಪ್ಯೂಟರುಗಳನ್ನು ನಾನೇ ನೋಡಿಕೊಳ್ಳುತ್ತೇನೆ, ಧೈರ್ಯವಾಗಿಯೇ. ಆದರೆ ಕೈಯಲ್ಲಿ ಚಾಕ್ ಹಿಡಿದು, ಬಾಗಿಲು ಮುಚ್ಚಿ ನನ್ನ ಕಡೆ ತಿರುಗಿದ ವಿಜಯಾ ಮೇಡಂ ಮುಖ ಆಗಾಗ ಕಣ್ಣಮುಂದೆ ಬರುತ್ತದೆ. ಆ ಕ್ಷಣದಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಆ ಮೆಟ್ಟಿಲು ಇಳಿದು ಬೀದಿಗೆ ಬಂದಾಗ ಆದಷ್ಟು ಹಗುರವೂ ಯಾವತ್ತೂ ಆಗಿರಲಿಲ್ಲ.