ನಿದ್ದೆ ಪರೀಕ್ಷೆಗೆ ಬಂದ ಕೂಲರ್

ಹಗಲು ಮಲಗುವುದು ನನ್ನ ನೌಕರಿಯ ಭಾಗ. ರಾತ್ರಿಯೆಲ್ಲ ಗೂಡ್ಸ್ ಗಾಡಿ ಓಡಿಸುವವನು ಇನ್ನೇನು ಮಾಡಿಯಾನು? ಆದರೆ ಎಷ್ಟು ಮಲಗಿದರೂ ತೂಕಡಿಕೆ ಹೋಗದಾಗ, ನಮ್ಮ ನಾಗಪುರದ ಡಾಕ್ಟರೊಬ್ಬರು ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟರು. ಅದು ಮುಗಿಯುವ ತನಕ ಎಂಜಿನ್ ಹತ್ತುವಂತಿಲ್ಲ.

ಮಧ್ಯಾಹ್ನ ಎಸಿ ಕೋಣೆಯಲ್ಲಿ ತಲೆ, ಎದೆ, ಮೂಗಿಗೆಲ್ಲ ವೈರು ಅಂಟಿಸಿದ ಟೆಕ್ನಿಷಿಯನ್ ಹುಡುಗಿ, "ಈಗ ಮಲಗಿ ಅಂಕಲ್" ಅಂದಳು. ತಾಸು ಕಳೆದರೂ ಕಣ್ಣು ಹತ್ತಲಿಲ್ಲ.

"ಸದ್ದೇ ಇಲ್ಲವಲ್ಲಮ್ಮ. ಕೂಲರ್ ಇಲ್ಲದೆ ನಿದ್ದೆ ಹೇಗೆ ಬರಬೇಕು?" ಅಂದೆ.

ಬೇರೆ ಊರಿನವಳಾಗಿದ್ದರೆ ನಗುತ್ತಿದ್ದಳು. ಇವಳು ಬೇಸಿಗೆಯೆಲ್ಲ ಕೂಲರಿನ ಗದ್ದಲದಲ್ಲೇ ಮಲಗುವ ನಾಗಪುರದವಳೇ. "ಬರೋಬರ್" ಎಂದು ವರಾಂಡದಲ್ಲಿದ್ದ ತಗಡಿನ ಕೂಲರನ್ನೇ ತಳ್ಳಿಕೊಂಡು ಬಂದಳು. ಅದು ಗುಡುಗತೊಡಗಿದ್ದೇ ತಡ, ನಾನು ಕೊರಡಿನಂತೆ ಬಿದ್ದುಕೊಂಡೆ.

ಮರುದಿನ ಡಾಕ್ಟರು ರಿಪೋರ್ಟು ನೋಡಿ ಹೇಳಿದರು: "ಗೊರಕೆ ನಿಮ್ಮದೋ ಕೂಲರಿನದೋ ಅಂತ ಮೈಕಿಗೆ ಗೊತ್ತಾಗಿಲ್ಲ. ಆದರೆ ಕೂಲರ್ ಒಮ್ಮೆಯೂ ನಿಂತಿಲ್ಲ. ನಿಮ್ಮ ಉಸಿರು ಮಾತ್ರ ಪ್ಯಾಸೆಂಜರ್ ಗಾಡಿಯಂತೆ ನಿಂತು ನಿಂತು ಹೊರಟಿದೆ. ಇದೇ ಸ್ಲೀಪ್ ಆಪ್ನಿಯಾ. ಗಂಟಲು ಮುಚ್ಚಿಕೊಳ್ಳದಂತೆ ಗಾಳಿ ಊದುವ ಮಷೀನ್ ಹಾಕಿಕೊಂಡು ಮಲಗಬೇಕು."

ಮನೆಗೆ ಬಂದು ಹೆಂಡತಿಗೆ ಎಲ್ಲ ವಿವರಿಸಿದೆ. ಹೆದರಿ ಅಳುತ್ತಾಳೆ ಅಂದುಕೊಂಡರೆ, ತಲೆಯ ಮೇಲೆ ಕೈಹೊತ್ತು ಕೂತಳು.

"ಅಯ್ಯ, ಹಂಗಾದ್ರ ನಿಂತು ನಿಂತು ಗರಗರ ಅಂತಿದ್ದದ್ದು ನೀವ ಏನ್ರೀ? ನಾ ಸುಮ್ನ ಮೂರು ಸಲ ಕೂಲರಿನ ಮೋಟರ್ ಬದ್ಲಿ ಮಾಡ್ಸಿದ್ನಲ್ರೀ!"