ಅಕ್ಕೋರಿಗೆ ಕಾಣದ ಪಟ್ಟಿ

ದುರ್ಬೀನಿನಿಂದ ಮುಖ ಎತ್ತಿದರೆ ಅಕ್ಕೋರ ಬಲಗಣ್ಣಿನ ಸುತ್ತ ಬಳೆ ಒತ್ತಿದಂಥ ಕೆಂಪು ಗುರುತು ಮೂಡಿರುತ್ತಿತ್ತು. ಭಾವಿಕೇರಿಯ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ಚೆಂಡಿಯಾ ಊರಿನ ಅವರ ಮನೆಯ ಜಾಗ ನೌಕಾನೆಲೆಗೆ ಹೋದ ಮೇಲೆ ನಮ್ಮೂರಿಗೆ ಬಂದಿದ್ದರು. ಬೇಲೆಕೇರಿ ಬಂದರಿನ ಬೋಟುಗಳ ದೀಪ ಕಣ್ಣಿಗೆ ಹೊಡೆಯದಿರಲಿ ಎಂದು ಡಿಸೆಂಬರಿನಲ್ಲೂ ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿಕೊಪ್ಪೆ ಹೊದ್ದು ಅಂಗಳದಲ್ಲಿ ಕೂರುತ್ತಿದ್ದರು. "ಮಳಿಗಾಲ ಮುಗದ್ರೂ ಅಕ್ಕೋರ ಕೊಪ್ಪೆ ಇಳೀಲಿಲ್ಲ" ಎಂದು ಕೇರಿಯವರು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು!

ದಕ್ಷಿಣದ ಆಕಾಶದಲ್ಲಿ ಅಕ್ಕೋರ ಮೆಚ್ಚಿನದೊಂದು ಗ್ಯಾಲಕ್ಸಿ ಇತ್ತು. ಪುಸ್ತಕದ ಪಟದಲ್ಲಿ ಅದರ ನಡುವೆ ನಕ್ಷತ್ರಗಳ ನೇರ ಪಟ್ಟಿ, ಪಟ್ಟಿಯ ಎರಡು ತುದಿಗಳಿಂದ ಬಾಗಿದ ಎರಡು ತೋಳು. ನಮ್ಮ ಸಣ್ಣ ದುರ್ಬೀನಿನಲ್ಲಿ ಕಾಣುತ್ತಿದ್ದದ್ದು ಊದಿದ ಬೂದಿಯಂಥ ಮಸುಕು ಮಾತ್ರ. ಆ ಪಟ್ಟಿಯನ್ನು ಒಮ್ಮೆ ಕಣ್ಣಾರೆ ಕಾಣಬೇಕು ಎಂಬುದೊಂದೇ ಅವರ ಹಟ. ಪ್ರತಿ ಚಳಿಗಾಲ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಅದೇ ಮಸುಕನ್ನು ಬರೆಯುತ್ತಿದ್ದರು. ಒಮ್ಮೆ ನಾನು ಜಾಣತನ ಮಾಡಿ ಪಟ್ಟಿಯನ್ನೂ ಎಳೆದುಬಿಟ್ಟೆ.

"ಕಂಡ್ತೇ ನಿಂಗೆ?"

"ಪಟದಲ್ಲಿ ಅದ್ಯಲ್ರಾ ಅಕ್ಕೋರೆ."

"ಕಂಡದ್ದು ಬರಿ ತಂಗಿ. ಗೊತ್ತಿದ್ದದ್ದು ಬರೀಬೇಡ" ಎಂದು ರಬ್ಬರನ್ನು ಕೈಗಿಟ್ಟರು. ದುರ್ಬೀನಿನ ಕಣ್ಣಿಡುವ ತುದಿಯ ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುತ್ತದೆ ಎಂದು ತೋರಿಸಿಕೊಟ್ಟದ್ದೂ ಅದೇ ಸಂಜೆ.

ಬರಬರುತ್ತ ಅವರ ನೋಟದ ನಡುಭಾಗವೇ ಮಂಜಾಯಿತು. ಡಾಕ್ಟರು ಕೈಚೆಲ್ಲಿದರು. ಕೊನೆಯ ಚಳಿಗಾಲ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿ, ಕಿಟಕಿಯ ಹೊರಗೆ ದುರ್ಬೀನು ಇಡಿಸಿದರು. ಕೊಪ್ಪೆ ಹೊದ್ದು ನೋಡಿದೆ. ಅದೇ ಬೂದಿ.

"ಪಟ್ಟಿ ಕಂಡ್ತೇ ತಂಗಿ?" ಒಳಗಿನಿಂದ ಕೇಳಿದರು. ಆ ದನಿಯ ಆಸೆಯನ್ನು ನನ್ನಿಂದ ತಾಳಲಾಗಲಿಲ್ಲ.

"ಕಂಡ್ತು ಅಕ್ಕೋರೆ! ಚೊಲೋ ಕಂಡ್ತು."

"ಬಲತುದಿ ತೋಳು ಮೇಲ್ ಹೋಗ್ತದೋ, ಕೆಳಗೋ?"

ಪಟ ನೆನಪಿಸಿಕೊಂಡು "ಮೇಲೆ" ಎಂದೆ.

ಹೇಳಿಯಾಗಿತ್ತು. ಆಗ ನನಗೆ ಕನ್ನಡಿಯ ನೆನಪಾಯಿತು. ಪಟದಲ್ಲಿ ಬಲತುದಿಯದು ಮೇಲೆ, ಎಡತುದಿಯದು ಕೆಳಗೆ. ನಿಜಕ್ಕೂ ದುರ್ಬೀನಿನಲ್ಲಿ ಕಂಡಿದ್ದರೆ ಎಡ ಬಲ ಅದಲುಬದಲಾಗಿ ಬಲತುದಿಯ ತೋಳು ಕೆಳಗಿಳಿಯಬೇಕಿತ್ತು.

"ಚಳಿ ಅದೆ, ಒಳಗ್ ಬಾ" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ವಾರದೊಳಗೆ ಹೋಗಿಬಿಟ್ಟರು. ಅವರ ನೋಟ್‌ಬುಕ್ಕನ್ನು ಮನೆಯವರು ನನಗೆ ಕೊಟ್ಟರು. ಪುಟ ಪುಟದಲ್ಲೂ ಅದೇ ಮಸುಕು, ಒಂದೇ ಒಂದು ಸುಳ್ಳು ಗೆರೆಯಿಲ್ಲ. ಪ್ರತಿ ಚಳಿಗಾಲ ಅದರಲ್ಲಿ ಈಗ ನಾನೂ ಬರೆಯುತ್ತೇನೆ.

ಪಟ್ಟಿ ಇನ್ನೂ ಕಂಡಿಲ್ಲ, ಅಕ್ಕೋರೆ. ಅವತ್ತೂ ಕಂಡಿರಲಿಲ್ಲ.